ಬಾಯಿ ಬಿಚ್ಚಿದ ಚೀಲ

ಹುಮನಾಬಾದಿನಲ್ಲಿ ಖಾಲಿ ಚೀಲದ ವ್ಯಾಪಾರ ಮಾಡುವವರು ಮೂವರಿದ್ದಾರೆ. ಇಬ್ಬರು ಚೀಲವನ್ನು ಕಣ್ಣಿನಿಂದ ನೋಡಿ ಕೊಳ್ಳುತ್ತಾರೆ. ಮಹಾರುದ್ರಪ್ಪ ಮೂಗಿನಿಂದ ಕೊಳ್ಳುತ್ತಾನೆ. ಗೋಣಿಚೀಲದ ಬಾಯಿಗೆ ಮುಖವಿಟ್ಟು ಒಮ್ಮೆ ಉಸಿರೆಳೆದನೆಂದರೆ ಸಾಕು, ಅದರಲ್ಲಿ ತೊಗರಿ ಇತ್ತೋ ಉದ್ದು ಇತ್ತೋ, ಎಂದಾದರೂ ಮಳೆಗೆ ನೆನೆದಿತ್ತೋ, ನೆನೆದದ್ದನ್ನು ಮಾಳಿಗೆಯ ಮೇಲೆ ಒಣಗಿಸಿ ತಂದು ಎದುರಿಗಿರುವ ಮನುಷ್ಯ ಹೊಸದೆಂದು ಹೇಳುತ್ತಿದ್ದಾನೋ, ಎಲ್ಲವೂ ಅವನಿಗೆ ತಿಳಿಯುತ್ತದೆ. ತಿಳಿದದ್ದನ್ನು ಅವನು ತಕ್ಷಣ ಹೇಳುವುದಿಲ್ಲ. ಮೊದಲು ಚಹಾ ತರಿಸುತ್ತಾನೆ. ಚಹಾ ಕುಡಿದವನಿಗೆ ಜೋರಾಗಿ ಜಗಳಾಡುವುದು ಕಷ್ಟ.

ಈ ಕಡೆ ಖಾಲಿ ಚೀಲಕ್ಕೆ ಬಾರದಾನ ಎನ್ನುತ್ತಾರೆ. ಹೀಗಾಗಿ ಊರಿಗೆಲ್ಲ ಅವನು ಬಾರದಾನ ಮಹಾರುದ್ರಪ್ಪ. ಮನೆತನದ ಹೆಸರು ರೇಷನ್ ಕಾರ್ಡಿನಲ್ಲಿದೆ, ಬಳಕೆಯಲ್ಲಿಲ್ಲ. ವಯಸ್ಸು ಅರವತ್ತೆರಡು. ಹಣೆಗೆ ವಿಭೂತಿ, ಕಿಸೆಯಲ್ಲಿ ಸುತಳಿಯ ತುಂಡು.

ಅಂಗಡಿಯ ಮುಂದೆ ಬೇವಿನ ಗಿಡದ ನೆರಳಿನಲ್ಲಿ ಧೂಳಮ್ಮ ಕೂಡುತ್ತಾಳೆ. ಊರ ಹೊರಗೆ ಆಡು ಸಾಕಿರುವ ಮನೆಯವಳು. ಹರಿದ ಚೀಲಕ್ಕೆ ದಬ್ಬಣ, ಸುತಳಿ ಹಿಡಿದು ತೇಪೆ ಹಾಕುವುದು ಅವಳ ಕೆಲಸ. ಸಾವುಕಾರನ ಮಾತಿಗೆ ತೂತು ಹಾಕುವುದು ಅವಳ ಹವ್ಯಾಸ. ಇಪ್ಪತ್ತು ವರ್ಷಗಳಿಂದ ಎರಡನ್ನೂ ತಪ್ಪದೆ ನಡೆಸಿಕೊಂಡು ಬಂದಿದ್ದಾಳೆ.

ಸಂಕ್ರಾಂತಿ ಕಳೆದ ಮಂಗಳವಾರ ಬಸವಕಲ್ಯಾಣದ ಒಂದು ದಾಲ್ ಮಿಲ್ಲಿನಿಂದ ಟೆಂಪೋದಲ್ಲಿ ಬಾರದಾನದ ಗಂಟುಗಳು ಬಂದವು. ಐವತ್ತೈವತ್ತು ಚೀಲ ಒತ್ತಿ ಹಗ್ಗ ಬಿಗಿದ ಗಂಟುಗಳು. ಧೂಳಮ್ಮ ಮೂರನೆಯ ಗಂಟಿನ ಹಗ್ಗ ಕೊಯ್ದವಳು ಕೈ ಹಿಂದೆಳೆದುಕೊಂಡಳು.

"ಸಾವ್ಕಾರ್ರ, ಇದರಾಗ ಏನೋ ಜೀವ ಅದರಿ."

"ಇಲಿ ಇರಬೇಕು. ಝಾಡಿಸು."

"ಇಲಿ ಮ್ಯಾಂವ್ ಅಂತದೇನ್ರಿ?"

ಮಹಾರುದ್ರಪ್ಪ ಗಾದಿಯಿಂದ ಎದ್ದು ಬಂದ. ಚೀಲಗಳ ಮಡಿಕೆಯೊಳಗೆ ಬೂದಿ ಬಣ್ಣದ ಒಂದು ಮರಿ, ಅಂಗೈಯಷ್ಟು ಅಗಲ. ಒಂದು ಕಣ್ಣು ಪಿಸುರು ಹಿಡಿದು ಮುಚ್ಚಿಹೋಗಿತ್ತು. ಮೈತುಂಬ ತೊಗರಿ ಹೊಟ್ಟು. ಬಾಯಿ ಮಾತ್ರ ಮೈಯ ಎರಡರಷ್ಟು ದೊಡ್ಡದಾಗಿ ತೆರೆಯುತ್ತಿತ್ತು.

ಮಿಲ್ಲಿಗೆ ಫೋನು ಮಾಡಿದ. ಅಲ್ಲಿಯ ಮುನೀಮ ನಕ್ಕ. ತಾಯಿ ಬೆಕ್ಕು ಕಾಣದೆ ನಾಲ್ಕು ದಿನವಾಯಿತು, ಲಾರಿಯ ಕೆಳಗೆ ಸಿಕ್ಕಿರಬೇಕು ಎಂದ. "ಮರಿ ಬಾರದಾನದ ಜೋಡಿ ಇನಾಮು ಅನ್ಕೋರಿ. ಬ್ಯಾಡ ಅಂದ್ರ ಶುಕ್ರವಾರ ಟೆಂಪೋ ಮತ್ತ ಬರತದ, ತಿರುಗಿ ಕಳಸ್ರಿ. ಇಲ್ಲಿ ಯಾರೂ ನೋಡೋರಿಲ್ಲ, ಮೊದಲೇ ಹೇಳತೀನಿ."

"ನಾನರೇ ಒಯ್ಯತಿದ್ದೆ," ಎಂದಳು ಧೂಳಮ್ಮ, "ಆದ್ರ ನಮ್ಮ ನಾಯಿಗೋಳು ಇದನ್ನ ಉಂಡಿ ಅಂತ ತಿಳಕೊಂಡು ನುಂಗತಾವ."

ಮಹಾರುದ್ರಪ್ಪ ಬಿದ್ದಿದ್ದ ಹಗ್ಗವನ್ನು ಎತ್ತಿ, ಅದರ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಧೂಳವ್ವ, ಗಂಟು ಬಿಗಿ ಇತ್ತೇನು? ದಾರ್ಯಾಗ ಎಲ್ಲೂ ಬಿಚ್ಚಿರಲಿಲ್ಲ?"

"ಚಾಕು ಹಚ್ಚಿ ಕೊಯ್ದೀನ್ರಿ. ಯಾಕ?"

"ಅಂದ್ರ ಇದು ದಾರಿ ನೋಡಿಲ್ಲ," ಎಂದ ಮಹಾರುದ್ರಪ್ಪ. ಮಾಲು ಚೊಕ್ಕ ಇದ್ದಾಗ ಮಾತ್ರ ಬರುವ ದನಿ ಅದು. ಬೆಕ್ಕಿನ ವಿಷಯದಲ್ಲಿ ಅವನಿಂದ ಆ ದನಿಯನ್ನು ಧೂಳಮ್ಮ ಕೇಳಿರಲಿಲ್ಲ. ಅಂಗಡಿಗೆ ಬೆಕ್ಕು ಬಂದರೆ ಅವನು ಎದ್ದು ಒಳಗೆ ಹೋಗುತ್ತಿದ್ದ.

ಅದಕ್ಕೆ ಕಾರಣವಿತ್ತು. ಐವತ್ತೆರಡು ವರ್ಷದ ಹಿಂದಿನ ಕಾರಣ, ಅವನಿಗೊಬ್ಬನಿಗೇ ಗೊತ್ತಿದ್ದದ್ದು.

ಮಹಾರುದ್ರಪ್ಪ ಹುಟ್ಟಿದ್ದು ಬಸವಕಲ್ಯಾಣದಲ್ಲಿ, ಕೋಟೆಯ ಕಡೆಯ ಒಂದು ಓಣಿಯಲ್ಲಿ. ಅವರ ಅಡುಗೆಮನೆಗೂ ಪಕ್ಕದ ಖುರ್ಷೀದ್ ಬೇಗಂ ಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಆ ಕಿಂಡಿಯಲ್ಲಿ ಕರಿಬೇವು, ಕೆಂಡ, ಹುಣಸೆಹಣ್ಣು, ಓಣಿಯ ಸುದ್ದಿ ಎಲ್ಲವೂ ಹೋಗಿ ಬರುತ್ತಿದ್ದವು. ಅವ್ವನ ಕರಿ ಬೆಕ್ಕೂ ಹೋಗಿ ಬರುತ್ತಿತ್ತು. ಈ ಕಡೆ ಇದ್ದಾಗ ಅದು ಅವ್ವ ರೊಟ್ಟಿ ಬಡಿಯುವಾಗ ಒಲೆಯ ಬದಿಗೆ ಕೂತು, ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ ತಿನ್ನುತ್ತಿತ್ತು. ಆ ಕಡೆ ಹೋದಾಗ ಏನು ತಿನ್ನುತ್ತಿತ್ತೆಂದು ಅವ್ವ ಕೇಳಲಿಲ್ಲ, ಬೇಗಂ ಹೇಳಲಿಲ್ಲ. ಎರಡು ಮನೆಗಳ ಸ್ನೇಹ ಹಾಗೆಯೇ ಗಟ್ಟಿಯಾಗಿ ಉಳಿದಿತ್ತು.

ಮನೆಯವರ ಬಾಯಲ್ಲಿ ರುದ್ರನಾಗಿದ್ದ ಅವನಿಗೆ ಹತ್ತು ವರ್ಷವಾದಾಗ ಅಪ್ಪ ಹುಮನಾಬಾದಿನಲ್ಲಿ ಅಂಗಡಿ ಹಿಡಿದ. ಹೆದ್ದಾರಿಯ ಊರು, ವ್ಯಾಪಾರ ಚೆನ್ನಾಗಿ ಆಗುತ್ತದೆ ಎಂದ. ಕಲ್ಯಾಣದಲ್ಲಿ ನಮ್ಮದೆಂಬುದು ಒಂದು ಕಡ್ಡಿಯೂ ಉಳಿಯಬಾರದು, ಉಳಿದರೆ ಮನಸ್ಸು ಅಲ್ಲೇ ಉಳಿಯುತ್ತದೆ ಎಂದೂ ಹೇಳಿದ. ಬೀಸುವ ಕಲ್ಲಿನಿಂದ ಹಿಡಿದು ಬಚ್ಚಲ ಹಂಡೆಯವರೆಗೆ ಎಲ್ಲ ಲಾರಿ ಹತ್ತಿದವು. ಅಕ್ಕ ಅಮೃತ ಮಾತ್ರ ಉಳಿದಳು. ಅವಳನ್ನು ಅದೇ ಓಣಿಗೆ ಮದುವೆ ಮಾಡಿ ಕೊಟ್ಟಾಗಿತ್ತು, ಲಾರಿಗೆ ಹಾಕುವ ಹಾಗಿರಲಿಲ್ಲ.

ಬೆಕ್ಕು ಅವ್ವನ ಜೊತೆ ಬಸ್ಸಿನಲ್ಲಿ ಹೊರಟಿತು, ಗೋಣಿಚೀಲದಲ್ಲಿ. ಬೆಕ್ಕನ್ನು ಬೇರೆ ಮನೆಗೆ ಒಯ್ಯುವಾಗ ಚೀಲದಲ್ಲಿ ಹಾಕಿ ಬಾಯಿ ಕಟ್ಟಬೇಕು. ದಾರಿ ಕಾಣಬಾರದು. ಹೊಸ ಮನೆಯ ಹೊಸ್ತಿಲ ಮುಂದೆ ಚೀಲವನ್ನು ಮೂರು ಸುತ್ತು ತಿರುಗಿಸಿ, ಒಳಗೆ ಒಯ್ದು, ಮೊದಲು ಒಲೆಯನ್ನು ತೋರಿಸಬೇಕು. ಅವ್ವನ ತವರಿನಲ್ಲಿ ಹಾಗೆ ಮಾಡುತ್ತಿದ್ದರು.

"ರುದ್ರಾ, ಚೀಲ ನಿನ್ನ ತೊಡಿ ಮ್ಯಾಲ ಇರಲಿ. ಬಾಯಿ ಮಾತ್ರ ಬಿಚ್ಚಬ್ಯಾಡ. ದಾರಿ ಕಂಡ್ರ ತಿರುಗಿ ಹೋಗತದ," ಎಂದಿದ್ದಳು.

ಬಸ್ಸು ಬಂಗ್ಲಾ ಕ್ರಾಸ್ ದಾಟುವವರೆಗೆ ಬೆಕ್ಕು ಕೂಗಿತು. ರಾಜೇಶ್ವರ ಎಂಬ ಊರು ಬರುವಷ್ಟರಲ್ಲಿ ಕೂಗು ಸಣ್ಣಗಾಗಿ, ಬಾವಿಯ ತಳದಿಂದ ಬಂದ ಹಾಗೆ ಕೇಳತೊಡಗಿತು. ಅವ್ವ ಕಿಟಕಿಗೆ ತಲೆ ಆನಿಸಿ, ಸೆರಗು ಮುಖಕ್ಕೆಳೆದು ಮಲಗಿದ್ದಳು. ರುದ್ರ ಸುತಳಿ ಬಿಚ್ಚಿದ.

ಕರಿ ಬೆಕ್ಕು ತಲೆ ಹೊರಗೆ ಹಾಕಿತು. ಓಡಲಿಲ್ಲ, ಕೂಗಲಿಲ್ಲ. ಬೇವಿನ ಗಿಡಗಳನ್ನು, ಭಜಿ ಕರಿಯುತ್ತಿದ್ದ ಹೋಟೆಲನ್ನು, ಮೈಲಿಗಲ್ಲುಗಳನ್ನು ಒಂದೊಂದಾಗಿ ನೋಡಿತು. ಶಾಲೆಯಲ್ಲಿ ಮಾಸ್ತರರು ಪಾಠ ಓದಿಸಿದಾಗ ತಾನು ಅಷ್ಟು ಲಕ್ಷ್ಯ ಕೊಟ್ಟು ನೋಡಿದ್ದಿಲ್ಲ ಎನ್ನಿಸಿ ರುದ್ರನಿಗೆ ಆಗಲೇ ಭಯವಾಗಿತ್ತು. ಹುಮನಾಬಾದಿನ ಮನೆಗಳು ಕಂಡಾಗ ಮತ್ತೆ ತಲೆ ಒತ್ತಿ ಬಾಯಿ ಕಟ್ಟಿದ.

ಮೂರು ಸುತ್ತು ತಿರುಗಿಸಿದ್ದಾಯಿತು. ಒಲೆ ತೋರಿಸಿದ್ದಾಯಿತು. ಬೆಕ್ಕು ಒಲೆಯನ್ನು ನೋಡಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಮೂರು ದಿನ ಕೂತಿತು. ಹಾಲು ಮುಟ್ಟಲಿಲ್ಲ. ನಾಲ್ಕನೆಯ ದಿನ ರುದ್ರ ಶಾಲೆಯಿಂದ ಬರುವಷ್ಟರಲ್ಲಿ ಇರಲಿಲ್ಲ.

"ಹೋತು, ರುದ್ರಾ," ಎಂದಳು ಅವ್ವ, ರೊಟ್ಟಿ ಬಡಿಯುತ್ತಲೇ. "ಅದರ ಊರಿಗೆ ಹೋತು."

ಅಷ್ಟೇ. ಬೈಯಲಿಲ್ಲ, ಯಾರು ಬಿಚ್ಚಿದರೆಂದು ಕೇಳಲಿಲ್ಲ. ಕೇಳಿದ್ದರೆ ಅಳುತ್ತ ಹೇಳಿಬಿಡುತ್ತಿದ್ದ. ಕೇಳದ್ದರಿಂದ ಅದು ಒಳಗೇ ಉಳಿಯಿತು. ಲಾರಿಗಳ ರಸ್ತೆ, ಹಳ್ಳಿಗಳ ನಾಯಿ, ಅಷ್ಟು ದೂರ ಒಂದು ಬೆಕ್ಕು ಹೇಗೆ ನಡೆದೀತು? ಎಲ್ಲಿ ಬಿದ್ದಿದ್ದೀತು? ಮುಂದೆ ಕಲ್ಯಾಣದ ಕಡೆಯವರು ಮನೆಗೆ ಬಂದಾಗಲೆಲ್ಲ ಅವ್ವ ಓಣಿಯ ಸುದ್ದಿ ಕೇಳುತ್ತ, ದನಿ ಇಳಿಸಿ ಬೆಕ್ಕಿನ ಮಾತು ತೆಗೆಯುತ್ತಿದ್ದಳು. ಆ ಶಬ್ದ ಕಿವಿಗೆ ಬಿದ್ದೊಡನೆ ರುದ್ರನಿಗೆ ಹೊರಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಅವ್ವ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಅಪ್ಪನ ಅಂಗಡಿ ಚೀಲದ ಅಂಗಡಿಯಾಯಿತು. ದಿನಕ್ಕೆ ನೂರು ಚೀಲದ ಬಾಯಿ ಬಿಚ್ಚುವ ಮನುಷ್ಯ ಆ ಒಂದು ಚೀಲದ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ.

ಈಗ ಕಲ್ಯಾಣದಿಂದಲೇ ಒಂದು ಮರಿ ಬಂದಿತ್ತು. ಗಂಟು ಬಿಗಿಯಾಗಿ, ದಾರಿ ಕಾಣದೆ, ಅವ್ವ ಹೇಳಿದ ಹಾಗೆಯೇ. ಇದು ಹೋಗಬಾರದು ಎಂದು ಮಹಾರುದ್ರಪ್ಪ ನಿಶ್ಚಯಿಸಿದ. ಒಳ್ಳೆಯ ಜಾತಿಯ ಒಂದು ಗೋಣಿಚೀಲ ಆರಿಸಿ, ಮರಿಯನ್ನು ಅದರಲ್ಲಿಟ್ಟು, ಬಾಯಿ ಕಟ್ಟಿ ಮನೆಗೆ ನಡೆದ.

ಸಂಗಮ್ಮ ಬಾಗಿಲು ತೆರೆದಾಗ ಗಂಡ ಹೊಸ್ತಿಲ ಹೊರಗೆ ಚೀಲ ಹಿಡಿದುಕೊಂಡು ಗಿರಗಿರ ತಿರುಗುತ್ತಿದ್ದ.

"ಇದೇನ್ರಿ ಹೊಸಾದು? ಚಕ್ಕರ್ ಬಂತೇನು?"

"ಸರಿ ಅತ್ಲಾಗ. ಮೊದಲ ಒಲಿ ತೋರಸಬೇಕು."

ಗ್ಯಾಸಿನ ಕಟ್ಟೆಯ ಮುಂದೆ ಮರಿಯನ್ನು ಎತ್ತಿ ಹಿಡಿದ. ಅದು ಒಂದೇ ಕಣ್ಣಿನಿಂದ ಕುಕ್ಕರನ್ನು ನೋಡಿ ಸೀನಿತು.

"ಸಿಲಿಂಡರ್ ಮುಗಿಯಾಕ ಬಂದದ, ಅದನ್ನೂ ತೋರಸ್ರಿ," ಎಂದಳು ಸಂಗಮ್ಮ. "ಮೂವತ್ತೈದು ವರ್ಷದಾಗ ಬೆಕ್ಕು ಅಂದ್ರ ಮಾರಿ ತಿರುಗಸೋ ಮನುಷ್ಯಾಗ ಇವತ್ತೇನಾತು? ಮೈತುಂಬ ಚಿಕ್ಕಾಡು ಅವ ಅದಕ್ಕ!"

ಬೈಯುತ್ತಲೇ ನೀರು ಬಿಸಿ ಮಾಡಿದಳು, ಹಳೆಯ ಪಂಚೆ ಹರಿದಳು, ಕಣ್ಣಿನ ಪಿಸುರು ಒರೆಸಿದಳು. ಸಂಗಮ್ಮನ ಬಾಯಿ ಒಂದು ಕಡೆ, ಕೈ ಒಂದು ಕಡೆ. ಅವಳನ್ನು ಬಲ್ಲವರು ಕೈಯನ್ನಷ್ಟೇ ನೋಡುತ್ತಾರೆ.

ಸಾಮಾನಿನ ಕೋಣೆಯನ್ನು ಮರಿಗೆ ಬಿಟ್ಟರು. ಮಹಾರುದ್ರಪ್ಪ ಬಾಗಿಲು ಮುಚ್ಚಿದ, ಕಿಟಕಿ ಮುಚ್ಚಿದ, ಬೆಳಕಿಂಡಿಗೂ ಪೇಪರು ಅಂಟಿಸಿದ. ಎದುರು ಮನೆ ಕಟ್ಟುವವರಿಂದ ಒಂದು ಬುಟ್ಟಿ ಉಸುಕು ತಂದು ಮೂಲೆಗಿಟ್ಟ. ಪಶು ಆಸ್ಪತ್ರೆಗೂ ಹೋಗಿ ಬಂದ. ಎಮ್ಮೆ ಎತ್ತುಗಳಿಗೇ ರೂಢಿಯಾದ ಅಲ್ಲಿಯ ಡಾಕ್ಟರು ಚೀಲದಲ್ಲಿ ಇಣುಕಿ, ಇಷ್ಟಕ್ಕೇ ಇಷ್ಟು ದೊಡ್ಡ ಚೀಲವೇ ಎಂದು ನಕ್ಕು, ಕಣ್ಣಿಗೆ ಹನಿ ಔಷಧ ಕೊಟ್ಟು, ಬೆಚ್ಚಗಿಡಿ, ಬೇಯಿಸಿದ ತತ್ತಿ ಒಂದಿಷ್ಟು ತಿನ್ನಿಸಿ ಎಂದರು.

"ಲಿಂಗವಂತರ ಮನ್ಯಾಗ ತತ್ತಿ!" ಎಂದಳು ಸಂಗಮ್ಮ.

ಮರುದಿನ ಧೂಳಮ್ಮ ತನ್ನ ಮನೆಯಲ್ಲಿ ಬೇಯಿಸಿ, ಎಲೆಯಲ್ಲಿ ಸುತ್ತಿ ತಂದಳು. ಸಂಗಮ್ಮ ಹಿತ್ತಲ ಕಡೆಗೆ ಮುಖ ಮಾಡಿ ನಿಂತಳು. ತತ್ತಿ ಒಳಗೆ ಹೋಯಿತು. ಆದರೆ ಮರಿ ಅದನ್ನೂ ಮುಟ್ಟಲಿಲ್ಲ. ಹಳೆಯ ಕೂಲರಿನ ಹಿಂದೆ ಸೇರಿಕೊಂಡಿತು. ಮಂದಿ ಇಲ್ಲದಾಗ ಹೊರಗೆ ಬಂದು ಮುಚ್ಚಿದ ಬಾಗಿಲ ಸಂದಿಗೆ ಮೂಗಿಟ್ಟು ಕೂಗುತ್ತಿತ್ತು. ಬಾಗಿಲು ತೆರೆದರೆ ಮತ್ತೆ ಕೂಲರಿನ ಹಿಂದೆ.

ಸಂಗಮ್ಮ ದೇವರ ದೀಪಕ್ಕೆಂದು ಹೊಸೆದ ಹತ್ತಿಯ ಬತ್ತಿಯನ್ನು ಬೆಚ್ಚಗಿನ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿದಳು. ಹನಿ ಹನಿಯಾಗಿ ಸ್ವಲ್ಪ ಹೋಯಿತು. ತಾನಾಗಿ ಮಾತ್ರ ಏನೂ ತಿನ್ನಲೊಲ್ಲದು.

ಗುರುವಾರದ ಸಂಜೆ ಅವಳು ತಮಾಷೆ ಬಿಟ್ಟು ಮಾತಾಡಿದಳು.

"ನೋಡ್ರಿ, ಬತ್ತಿ ಹಾಲಿನ ಮ್ಯಾಲ ಎಷ್ಟು ದಿನ? ಉಪವಾಸ ಬಿದ್ದ ಜೀವ ನಮ್ಮ ಕೋಲ್ಯಾಗ ಕಣ್ಣು ಮುಚ್ಚೋದು ಬ್ಯಾಡ. ನಾಳಿ ಟೆಂಪೋ ಬರತದಂತಲ್ಲ? ಅಷ್ಟರಾಗ ಉಣಲಿಲ್ಲಂದ್ರ ಬಂದಲ್ಲಿಗೇ ಕಳಿಸಿಬಿಡ್ರಿ. ಅಲ್ಲಿ ಅದಕ್ಕ ಗೊತ್ತಿದ್ದ ವಾಸನಿ ಅರೇ ಇರತದ."

"ಅಲ್ಲಿ ಯಾರೂ ನೋಡೋರಿಲ್ಲ. ಸಾಯತದ."

"ಇಲ್ಲೇನು ಬದುಕಾಕತ್ತದೇನು?"

ಮಹಾರುದ್ರಪ್ಪ ಎದ್ದು ಹೋಗಿ ಬೆಳಕಿಂಡಿಯ ಪೇಪರು ಸಡಿಲವಾಗಿದೆಯೇ ಎಂದು ನೋಡಿ ಬಂದ.

ಶುಕ್ರವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಅಮೃತಮ್ಮ ಇಳಿದಳು. ಅರವತ್ತೆಂಟರ ಹೆಂಗಸು, ಮೊಣಕಾಲು ನೋವು. ಆದರೂ ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಮ್ಮನ ಮನೆಗೆ ಪ್ರತಿವರ್ಷ ತಾನೇ ಒಯ್ಯಬೇಕು, ಕೊರಿಯರಿನಲ್ಲಿ ಕಳಿಸಿದರೆ ಮುರಿಯುತ್ತವೆ ಎಂಬುದು ಅವಳ ವಾದ. ಬಸ್ಸಿನಲ್ಲಿ ತಂದರೂ ಮುರಿಯುತ್ತವೆ. ಅದನ್ನು ಯಾರೂ ಹೇಳುವುದಿಲ್ಲ.

ಚಹಾ ಕುಡಿಯುತ್ತ ಕೂಗು ಕೇಳಿದಳು. "ಏನದು?"

"ನಿಮ್ಮ ತಮ್ಮ ಬೆಕ್ಕು ತಂದಾರ, ಅಕ್ಕಾರ," ಎಂದಳು ಸಂಗಮ್ಮ. "ದಾರಿ ಕಾಣಬಾರದಂತ ಕತ್ಲಿ ಕೋಲ್ಯಾಗ ಇಟ್ಟಾರ. ಉಣವಲ್ದು."

"ರುದ್ರ? ಬೆಕ್ಕು?" ಅಮೃತಮ್ಮ ಚಹಾದ ಬಸಿ ಕೆಳಗಿಟ್ಟಳು. "ಅವ್ವನ ಬೆಕ್ಕಿನ ಹೆಸರು ತಗೊಂಡ್ರ ಎದ್ದು ಹೋಗತಿದ್ದ ನಮ್ಮ ರುದ್ರ?"

ಮಹಾರುದ್ರಪ್ಪ ಎದ್ದ. ಹೊರಗೆ ಕೆಲಸವಿತ್ತೆಂದು ಕಾಣುತ್ತದೆ. ಆದರೆ ಈ ಸಲ ಬಾಗಿಲ ತನಕ ಹೋದವನು ತಿರುಗಿ ಬಂದು ಕೂತ. ಟೆಂಪೋ ಹನ್ನೊಂದಕ್ಕೆ ಬರುವುದಿತ್ತು. ಹೇಳಿಬಿಡುವುದಕ್ಕೆ ಇನ್ನೊಂದು ದಿನ ಸಿಗುವುದಿಲ್ಲ ಎಂದು ಅವನಿಗೆ ಯಾಕೋ ಅನ್ನಿಸಿತು.

"ಅಕ್ಕಾ, ಅವ್ವನ ಬೆಕ್ಕು ಹೋಗಿದ್ದು ನನ್ನಿಂದ. ರಾಜೇಶ್ವರದಾಗ ನಾ ಚೀಲದ ಬಾಯಿ ಬಿಚ್ಚಿದ್ದೆ. ಅದು ದಾರಿ ನೋಡಿಬಿಡ್ತು. ಅವ್ವ ಮಲಗಿದ್ದಳು."

ಅಮೃತಮ್ಮ ತಮ್ಮನ ಮುಖ ನೋಡಿ ನಗತೊಡಗಿದಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಲಾ ಬೇಕೂಫ, ಇದನ್ನ ಇಷ್ಟು ವರ್ಷ ಹೊಟ್ಯಾಗ ಇಟ್ಟಿದ್ದೇನು? ಅವ್ವ ಎಲ್ಲಿ ಮಲಗಿದ್ದಳು? ಊರು ಬಿಟ್ಟ ದುಃಖಕ್ಕ ಅಳಾಕತ್ತಿದ್ದಳು. ನೀ ನೋಡಬಾರದಂತ ಸೆರಗು ಎಳಕೊಂಡಿದ್ದಳು. ನೀ ಬಾಯಿ ಬಿಚ್ಚಿದ್ದು ಅಕಿಗೆ ಗೊತ್ತಿತ್ತು. ಬಿಚ್ಚಲಿ ಬಿಡು ಅಂತ ಸುಮ್ಮನಿದ್ದಳು. ಮುಂದ ಅಕಿನೇ ನನಗ ಹೇಳಿದ್ದಳು."

"ಮತ್ತ ಬೆಕ್ಕು?"

"ಬೆಕ್ಕು ತಾನಾಗೇ ಎಲ್ಲಿ ಹೋತು? ಮೂರು ದಿನ ಬಾಗಲದ ಮುಂದ ಉಪವಾಸ ಕುಂತಿತ್ತಲ್ಲ, ಅವ್ವಗ ತಡೀಲಿಲ್ಲ. ತುಳಜಾರಾಮ ಅಂತ ಕಲ್ಯಾಣದ ಬಸ್ಸಿನ ಕಂಡಕ್ಟರ್ ಇದ್ದ ನೋಡು, ಅವನ ಕೈಯಾಗ ಕೊಟ್ಟು ಬೇಗಂ ಮನೀಗೆ ಕಳಿಸಿಬಿಟ್ಟಳು. ಅಪ್ಪಗ ಗೊತ್ತಾದ್ರ ಸಿಟ್ಟಾಗತಿದ್ದ. ಕಲ್ಯಾಣದಾಗ ಒಂದು ಕಡ್ಡಿನೂ ಉಳೀಬಾರದು ಅಂದಿದ್ನಲ್ಲ? ನಿನಗ ಹೇಳಿದ್ರ ನೀ ಅಪ್ಪನ ಮುಂದ ಒದರತಿದ್ದಿ. ಅದಕ್ಕ, ಅದರ ಊರಿಗೆ ಹೋತು ಅಂದ್ಳು. ಸುಳ್ಳು ಹೇಳಿದ್ಳೇನು?"

ಮಹಾರುದ್ರಪ್ಪ ಕಿಸೆಯಿಂದ ಸುತಳಿಯ ತುಂಡು ತೆಗೆದು ಬೆರಳಿಗೆ ಸುತ್ತಿದ.

"ಇನ್ನೂ ಆರು ವರ್ಷ ಇತ್ತು ಅದು," ಎಂದಳು ಅಮೃತಮ್ಮ. "ಬೇಗಂ ಮನ್ಯಾಗ ಎರಡು ಸಲ ಮರಿ ಹಾಕ್ತು. ಕಿಂಡ್ಯಾಗಿಂದ ಹಾದು ನಿಮ್ಮ ಖಾಲಿ ಅಡಿಗಿ ಮನ್ಯಾಗ ಕುಂಡ್ರತಿತ್ತು. ಕಲ್ಯಾಣದವರು ಬಂದಾಗೆಲ್ಲ ಅವ್ವ ಅದನ್ನೇ ಕೇಳತಿದ್ದಳು, ಹ್ಯಾಂಗ ಅದ, ಉಣತದೇನು ಅಂತ. ನೀ ಅಲ್ಲೇ ಕುಂತು ಕೇಳಿದ್ರ ಗೊತ್ತಾಗತಿತ್ತು. ನೀ ಎಲ್ಲಿ ಕುಂಡ್ರತಿದ್ದಿ?"

ಅವಳು ತಣ್ಣಗಾದ ಚಹಾ ಕುಡಿದು ಮುಗಿಸಿದಳು.

"ತುಳಜಾರಾಮ ಚೀಲ ತಂದು ಕೊಟ್ಟಾಗ ನಾನೂ ಅಲ್ಲೇ ಇದ್ದೆ. ಚೀಲದ ಬಾಯಿ ಬಿಚ್ಚಿತ್ತು, ಬೆಕ್ಕು ತಲಿ ಹೊರಗ ಹಾಕಿ ರಾಣಿ ಹಂಗ ಕುಂತಿತ್ತು. ಯಾಕ ಬಾಯಿ ಕಟ್ಟಿಲ್ಲ ಅಂದೆ. ಅವ್ವ ಹೇಳಿ ಕಳಿಸ್ಯಾಳ ಅಂದ, ಮನೀಗೆ ಹೊಂಟದ, ದಾರಿ ನೋಡಕೋತ ಹೋಗಲಿ ಅಂತ."

ಮಹಾರುದ್ರಪ್ಪ ಹಿತ್ತಲಿಗೆ ಹೋಗಿ ನಳದಡಿಯಲ್ಲಿ ಮುಖ ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ. ನೀರು ಸುಮ್ಮನೆ ಹರಿದು ಹೋಗುತ್ತಿತ್ತು. ಸಂಗಮ್ಮ ಆ ದಿನ ಮಾತ್ರ, ನಳ ಬಂದ್ ಮಾಡ್ರಿ ಎನ್ನಲಿಲ್ಲ.

ತಿರುಗಿ ಬಂದವನು ನೇರ ಸಾಮಾನಿನ ಕೋಣೆಗೆ ಹೋದ. ಬೆಳಕಿಂಡಿಯ ಪೇಪರು ಕಿತ್ತ. ಕಿಟಕಿ ತೆರೆದ. ಕೋಣೆಯ ಬಾಗಿಲು, ಪಡಸಾಲೆಯ ಬಾಗಿಲು, ಬೀದಿಯ ಬಾಗಿಲು, ಮೂರನ್ನೂ ಹಾರು ಹೊಡೆದು, ಬೀದಿಯ ಮೆಟ್ಟಿಲ ಮೇಲೆ ಕೂತ. ಅಮೃತಮ್ಮ ಜೋಳದ ರೊಟ್ಟಿಯ ತುಂಡನ್ನು ಹಾಲಿನಲ್ಲಿ ಕಿವುಚಿ ಹೊಸ್ತಿಲ ಒಳಗೆ ಇಟ್ಟಳು.

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕೂಲರಿನ ಹಿಂದಿನಿಂದ ಬೂದಿ ಬಣ್ಣದ ಒಂದು ಕಿವಿ ಬಂತು. ಕಿವಿಯ ಹಿಂದೆ ಉಳಿದದ್ದು ಬಂತು. ಮರಿ ಪಡಸಾಲೆ ದಾಟಿತು, ಬಟ್ಟಲನ್ನು ದಾಟಿತು, ಮಹಾರುದ್ರಪ್ಪನ ಪಕ್ಕದಲ್ಲೇ ಮೆಟ್ಟಿಲಿಳಿದು ಅಂಗಳಕ್ಕೆ ಹೋಯಿತು. ಅವನ ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಟಬ್ಯಾಡ್ರಿ. ಸುಮ್ಮ ಕುಂಡ್ರಿ," ಎಂದಳು ಹಿಂದಿನಿಂದ ಸಂಗಮ್ಮ, ಪಿಸುಮಾತಿನಲ್ಲಿ.

ಮರಿ ಸ್ಕೂಟರಿನ ಗಾಲಿ ಮೂಸಿತು. ಗೇಟಿನ ತನಕ ಹೋಗಿ, ಸರಳುಗಳ ನಡುವೆ ತಲೆ ಹಾಕಿ ಬೀದಿಯನ್ನು ನೋಡಿತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಅದರ ಮೈ ಆ ಸರಳುಗಳ ನಡುವೆ ಸುಲಭವಾಗಿ ಹಿಡಿಸುತ್ತಿತ್ತು.

ಅದೇ ಹೊತ್ತಿಗೆ ಕಿಸೆಯಲ್ಲಿ ಫೋನು ರಿಂಗಣಿಸಿತು. ಧೂಳಮ್ಮ.

"ಸಾವ್ಕಾರ್ರ, ಮಿಲ್ಲಿನ ಟೆಂಪೋ ಬಂದು ನಿಂತದ. ಡ್ರೈವರ್ ಗಡಿಬಿಡಿ ಮಾಡಾಕತ್ತಾನ. ಬೆಕ್ಕು ಕಳಸ್ತೀರೇನು?"

"ತಡಿ," ಎಂದ ಮಹಾರುದ್ರಪ್ಪ, "ಬೆಕ್ಕಿಗೆ ಕೇಳಿ ಹೇಳತೀನಿ."

ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಸದ್ದು ಮಾಡುತ್ತ ಹೋಯಿತು. ಮರಿ ಬೆಚ್ಚಿ ತಲೆ ಹಿಂದೆಳೆದುಕೊಂಡಿತು. ಗೇಟಿಗೆ ಬೆನ್ನು ಮಾಡಿ ಕೂತು ಮುಂಗಾಲು ನೆಕ್ಕಿತು. ನೋಡಬೇಕಾದದ್ದನ್ನು ನೋಡಿ ಮುಗಿಸಿದವರ ಹಾಗೆ, ಯಾವ ಗಡಿಬಿಡಿಯೂ ಇಲ್ಲದೆ, ಬಂದ ದಾರಿಯಲ್ಲೇ ತಿರುಗಿ ಬಂತು. ಮೆಟ್ಟಿಲು ಎತ್ತರವಾಗಿತ್ತು. ಎರಡು ಸಲ ಜಾರಿತು. ಮೂರನೆಯ ಸಲ ಮಹಾರುದ್ರಪ್ಪನ ಧೋತರಕ್ಕೆ ಉಗುರು ಹಾಕಿ ಹತ್ತಿ, ಹೊಸ್ತಿಲು ದಾಟಿ, ಬಟ್ಟಲಿಗೆ ಬಾಯಿ ಹಾಕಿತು.

ಹಾಲು ರೊಟ್ಟಿ ತಿನ್ನುವಾಗ ಬೆಕ್ಕು ಮೂಗಿನಲ್ಲಿ ಒಂದು ಸದ್ದು ಮಾಡುತ್ತದೆ. ಅದನ್ನು ಮಹಾರುದ್ರಪ್ಪ ಕಲ್ಯಾಣದ ಅಡುಗೆಮನೆಯಲ್ಲಿ ಕೇಳಿದ್ದ, ಅವ್ವ ರೊಟ್ಟಿ ಬಡಿಯುವ ಸದ್ದಿನ ಸಂಗಡ. ಅಮೃತಮ್ಮನೂ ಕೇಳಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಹಲೋ? ಸಾವ್ಕಾರ್ರ?" ಫೋನಿನಲ್ಲಿ ಧೂಳಮ್ಮ ಇನ್ನೂ ಇದ್ದಳು. "ಏನಂತದ್ರಿ ಬೆಕ್ಕು?"

"ಟೆಂಪೋ ಕಳಿಸಿಬಿಡು."

ಮರಿಯನ್ನು ತಂದಿದ್ದ ಗೋಣಿಚೀಲವನ್ನು ಎರಡು ಮಡಿಕೆ ಮಾಡಿ ಪಡಸಾಲೆಯ ಮೂಲೆಯಲ್ಲಿ ಹಾಸಿದ, ಬಾಯಿ ಬೀದಿಯ ಬಾಗಿಲ ಕಡೆಗೆ. ಹೊಟ್ಟೆ ಉಬ್ಬಿದ ಮರಿ ಒಳಗೆ ಹೊಕ್ಕು, ಒಂದು ಸುತ್ತು ತಿರುಗಿ, ತಲೆಯನ್ನು ಮಾತ್ರ ಹೊರಗಿಟ್ಟು ಮಲಗಿತು. ಮಹಾರುದ್ರಪ್ಪ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಹನ್ನೊಂದೂವರೆಯಾಯಿತು, ಹನ್ನೆರಡಾಯಿತು. ಅಮೃತಮ್ಮ ಮುರಿದ ಸಜ್ಜೆ ರೊಟ್ಟಿಗಳನ್ನು ಡಬ್ಬಿಗೆ ತುಂಬಿದಳು, ಸಂಗಮ್ಮ ಬೇಳೆ ಬೇಯಿಸಿದಳು. ಅವನು ಕೂತೇ ಇದ್ದ.

ಕೊನೆಗೆ ಸಂಗಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದಳು.

"ಬೆಕ್ಕು ಮನೀ ಹಿಡೀತು," ಎಂದಳು. "ಇನ್ನ ನೀವು ಅಂಗಡಿ ಹಿಡೀರಿ."